ಮದುವೆ ಜವಳಿಯ ಬಿಲ್ಲು ಮಾಸಬಾರದು

ಪ್ರಶ್ನೆ: ಅಕ್ಕನವರೇ, ಬಾಗಲಕೋಟೆಯ ನವನಗರದಲ್ಲಿ ನಮ್ಮದು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಅಂಗಡಿ. ಜಿಎಸ್‌ಟಿ ನೋಂದಣಿ ಇದೆ. ಬಿಲ್ಲಿನ ಯಂತ್ರ ಕೆಟ್ಟಿದೆ. ಹೊಸದು ಬೇಡ, ಇನ್ನು ಬಿಲ್ಲನ್ನೆಲ್ಲ ವಾಟ್ಸ್‌ಆ್ಯಪ್‌ಗೇ ಕಳುಹಿಸೋಣ ಎನ್ನುತ್ತಾನೆ ಮಗ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನನಗೆ. ಕಾನೂನು ಇದನ್ನು ಒಪ್ಪುತ್ತದೆಯೇ?
– ಒಬ್ಬ ಜವಳಿ ವ್ಯಾಪಾರಿ

ಉತ್ತರ: ಅಣ್ಣನವರೇ, ಮಗನ ಮಾತು ಕೇಳಿ, ಯಂತ್ರವನ್ನೂ ಕೊಳ್ಳಿ. ಎರಡೂ ಬೇಕು.

ಕಾನೂನು ಒಪ್ಪುತ್ತದೆ. ನಿಮ್ಮ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, ತಾರೀಖು, ಸರಕು, ತೆರಿಗೆ, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬಾರದ ಕ್ರಮಸಂಖ್ಯೆ ಇವೆಲ್ಲ ಮೊಬೈಲ್ ಬಿಲ್ಲಿನಲ್ಲೂ ಇರಬೇಕು. ಐದು ಕೋಟಿ ವಹಿವಾಟು ಮೀರಿದವರು ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ದಾಖಲಿಸಬೇಕೆನ್ನುವ ಇ-ಇನ್‌ವಾಯ್ಸ್ ನಿಯಮವನ್ನು ಇದರೊಂದಿಗೆ ಬೆರೆಸಿ ಗಾಬರಿಯಾಗಬೇಡಿ. ಅದು ಗಲ್ಲೆಯ ಮುಂದೆ ನಿಂತ ಸಾಮಾನ್ಯ ಗಿರಾಕಿಗೆ ಸಂಬಂಧಿಸಿದ್ದಲ್ಲ.

ನಾನು ಮೂವತ್ತು ವರ್ಷ ಜವಳಿ ಅಂಗಡಿಯ ಗಲ್ಲೆಯಲ್ಲಿ ಕುಳಿತವಳು. ಯಂತ್ರದ ಬಿಲ್ಲಿಗೆ ಶಾಯಿ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಾಗಿ ಕಪ್ಪಾಗುತ್ತದೆ, ಬಿಸಿಲು, ಎಣ್ಣೆ ತಾಗಿದರೆ ಮಾಸುತ್ತದೆ. ಬಾದಾಮಿ ಕಡೆಯ ತಾಯಿಯೊಬ್ಬರು ಮಗಳ ಮದುವೆಗೆಂದು ನಮ್ಮಲ್ಲಿ ಹನ್ನೊಂದು ಸೀರೆ ಒಯ್ದಿದ್ದರು. ಒಂದರ ಸೆರಗು ಬಣ್ಣ ಬಿಟ್ಟಿತು. ಬಿಲ್ಲನ್ನು ಅರಿಸಿನ-ಕುಂಕುಮದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರಂತೆ. ಬಿಚ್ಚಿದರೆ ಒಂದು ಅಕ್ಷರವೂ ಉಳಿದಿರಲಿಲ್ಲ. “ನಾನು ಸುಳ್ಳು ಹೇಳುವವಳಲ್ಲ ಅಕ್ಕಾ” ಎನ್ನುವಾಗ ಅವರ ಕಣ್ಣು ತುಂಬಿತ್ತು. ಸೀರೆ ಬದಲಿಸಿ ಕೊಟ್ಟೆವು. ಆದರೂ ಅವರು ಹಾಗೆ ಆಣೆ ಮಾಡಿದಂತೆ ನಿಲ್ಲಬೇಕಾದದ್ದು ನಾವು ಕೊಟ್ಟ ಕಾಗದದಿಂದ. ಮೊಬೈಲಿನ ಬಿಲ್ಲು ಬರಲಿ ಎಂದು ನಾನು ಮನಸಾರೆ ಹೇಳುವುದು ಇದಕ್ಕೇ.

ಹಾಗಿದ್ದರೆ ಯಂತ್ರ ಯಾಕೆ? ನಿಮ್ಮ ಅಳುಕು ಸರಿಯಾದದ್ದು, ಅದಕ್ಕೆ. ಎಷ್ಟೋ ಹೆಣ್ಣುಮಕ್ಕಳಿಗೆ ಸ್ವಂತ ಫೋನಿಲ್ಲ. ಗಂಡನ ನಂಬರನ್ನೋ ಮೈದುನನ ನಂಬರನ್ನೋ ಹೇಳುತ್ತಾರೆ. ತವರಿನವರು ಕೈಯಲ್ಲಿಟ್ಟ ದುಡ್ಡಿನಿಂದ ಆಕೆ ಎರಡು ಖಣ ಕೊಂಡದ್ದು ಯಾರಿಗೆ ತಿಳಿಯಬೇಕು ಎಂಬುದನ್ನು ಆಕೆಯೇ ತೀರ್ಮಾನಿಸಬೇಕು, ನಿಮ್ಮ ಬಿಲ್ಲಲ್ಲ. ಇನ್ನು ತುಂಬಿದ ಅಂಗಡಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ನಂಬರ್ ಹೇಳಿದರೆ ಹತ್ತು ಜನರ ಕಿವಿಗೆ ಬೀಳುತ್ತದೆ. “ಬಿಲ್ಲು ಕಾಗದದಲ್ಲಿ ಬೇಕೋ, ಫೋನಿಗೆ ಬೇಕೋ?” ಎಂದು ಮೊದಲು ಕೇಳಿ. ಫೋನಿಗೆ ಎಂದವರು ಚೀಟಿಯಲ್ಲಿ ನಂಬರ್ ಬರೆದು ಕೊಡಲಿ. ಕಳುಹಿಸಿದ ಮೇಲೆ ಆ ಚೀಟಿಯನ್ನು ಅವರ ಕೈಗೇ ಕೊಟ್ಟುಬಿಡಿ. ಪರದೆಯ ಮೇಲೆ ಕ್ಯೂಆರ್ ಸಂಕೇತ ತೋರಿಸುವ ತಂತ್ರಾಂಶ ಸಿಕ್ಕರೆ ಇನ್ನೂ ಒಳ್ಳೆಯದು, ನಂಬರ್ ಕೇಳುವ ಪ್ರಸಂಗವೇ ಇಲ್ಲ.

ನಂಬರ್ ಕೊಡದವರಿಗೆ ಬಿಲ್ಲಿಲ್ಲ ಎನ್ನಲೇಬಾರದು. ಮೊಬೈಲ್ ಸಂಖ್ಯೆಗಾಗಿ ಗಿರಾಕಿಗಳನ್ನು ಒತ್ತಾಯಿಸಬೇಡಿ ಎಂದು 2023ರ ಮೇ ತಿಂಗಳಲ್ಲೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚಿಸಿದೆ. ಬಿಲ್ಲಿಗೆಂದು ಕೊಟ್ಟ ನಂಬರಿಗೆ ಶ್ರಾವಣದ ರಿಯಾಯಿತಿಯ ಸಂದೇಶ ಕಳುಹಿಸುವುದೂ ಬೇಡ.

ಮಗನಿಗೆ ಒಂದು ಮಾತು. ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಬಿಲ್ಲುಗಳೆಲ್ಲ ಅವನ ಒಂದು ಫೋನಿನಲ್ಲಿ ಮಾತ್ರ ಉಳಿಯಬಾರದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ನಮ್ಮ ಮನೆ ಹೋದಾಗ, ಸಾಗಿಸುವ ಗದ್ದಲದಲ್ಲಿ ಕಿರ್ದಿ ಪುಸ್ತಕಗಳ ಒಂದು ಟ್ರಂಕೇ ಕಳೆಯಿತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮೊದಲು ಇನ್ನೊಂದು ಕಡೆಗೂ ನಕಲು ಮಾಡಲಿ.

ಪ್ರಶ್ನೆ: ನೂರೈವತ್ತು ರೂಪಾಯಿಯ ಖಣಕ್ಕೂ ಬಿಲ್ಲು ಬೇಕೇ?
– ಅದೇ ವ್ಯಾಪಾರಿ

ಉತ್ತರ: 200 ರೂಪಾಯಿಗಿಂತ ಕಡಿಮೆಯಿದ್ದು, ಜಿಎಸ್‌ಟಿ ನೋಂದಣಿ ಇಲ್ಲದ ಗಿರಾಕಿ ಬಿಲ್ಲು ಬೇಡವೆಂದರೆ ಬಿಡಬಹುದು. ಅಂಥ ಮಾರಾಟಗಳನ್ನೆಲ್ಲ ಕೂಡಿಸಿ ದಿನದ ಕೊನೆಗೆ ಒಂದು ಬಿಲ್ಲು ಮಾಡಿ. ಕೇಳಿದವರಿಗೆ ಮಾತ್ರ ಒಂದೇ ಖಣವಾದರೂ ಕೊಡಿ.