ಸ್ಮಾರ್ಟ್ ಬೋರ್ಡ್ ಆಮೇಲೆ, ಮೊದಲು ಓದು

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾನು ಲಿಂಗಸುಗೂರು ತಾಲ್ಲೂಕಿನವಳು. ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯೆ. ಒಂದರಿಂದ ಐದನೇ ತರಗತಿವರೆಗೆ 112 ಮಕ್ಕಳು, ಇಬ್ಬರೇ ಶಿಕ್ಷಕರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಅನುಕೂಲ ಇದ್ದವರ ಮಕ್ಕಳು ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗ್ತಾರೆ. ನನ್ನ ಮಗಳಿಗೂ ಇಂಗ್ಲಿಷ್ ಬರಬೇಕು ಅನ್ನೋ ಆಸೆ ನನಗೂ ಇದೆ. ಅಮೆರಿಕದಲ್ಲಿರುವ ನಮ್ಮೂರ ಹುಡುಗನೊಬ್ಬ, ‘ನಮ್ಮ ಮಕ್ಕಳೂ ಜಗತ್ತಿನ ಜೊತೆ ನಿಲ್ಲಬೇಕು, ಮೂರು ಲಕ್ಷ ಕೊಡ್ತೀನಿ, ಸ್ಮಾರ್ಟ್ ಬೋರ್ಡ್ ಹಾಕಿಸಿ’ ಅಂದಿದ್ದಾನೆ. ಸಮಿತಿಯಲ್ಲಿ ಎಲ್ಲರೂ ಹೂಂ ಅಂದರು. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ. ನೀವೇನಂತೀರಿ?

ಸಂಪಾದಕರ ಉತ್ತರ:

ನಮಸ್ಕಾರ ಅಕ್ಕಾ,

ನಿಮ್ಮ ಮನಸ್ಸು ಹೇಳಿದ್ದೇ ಸರಿ. ಬೋರ್ಡ್ ಈಗ ಬೇಡ ಅನ್ನಿ. ಆದರೆ ಆ ಹುಡುಗನನ್ನು ಮಾತ್ರ ಬಿಡಬೇಡಿ. ಅಷ್ಟು ದೂರ ಹೋದಮೇಲೂ ತನ್ನ ಊರಿನ ಶಾಲೆ ನೆನಪಿಟ್ಟುಕೊಂಡವನು ಅವನು.

ಮುಂದಿನ ಸಭೆಗೆ ಮುಂಚೆ ಒಂದು ಕೆಲಸ ಮಾಡಿ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹಿಂದೆ ನೋಡಿರದ ಒಂದು ಸಣ್ಣ ಕಥೆ ಓದಿಸಿ. ಪಾಠದ ಪುಸ್ತಕ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಕಲಬುರಗಿ ಕಡೆಯ ಒಂದು ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ನನ್ನೆದುರು ಪಾಠವನ್ನು ಗಡಗಡ ಓದಿದಳು, ಆದರೆ ಅವಳ ಬೆರಳು ಎರಡು ಸಾಲು ಹಿಂದೆಯೇ ಇತ್ತು. ಬೇರೆ ಕಥೆ ಕೊಟ್ಟಾಗ ‘ಹತ್ತಿ’ಯನ್ನು ‘ಹತಿ’ ಅಂದಳು, ‘ಕೊಟ್ಟಿಗೆ’ ಹತ್ತಿರ ನಿಂತೇಬಿಟ್ಟಳು. ಒತ್ತಕ್ಷರ ಬಂದಲ್ಲೆಲ್ಲ ತಡೆ. ಹುಡುಗಿ ದಡ್ಡಿಯಲ್ಲ. ಸಂತೆಯಲ್ಲಿ ಅವ್ವನ ಪಕ್ಕ ಕೂತು ತರಕಾರಿ ಮಾರುತ್ತಾಳೆ, ಚಿಲ್ಲರೆ ಲೆಕ್ಕ ಬಾಯಲ್ಲೇ ಹೇಳುತ್ತಾಳೆ. ಐದು ವರ್ಷ ದಿನಾ ಶಾಲೆಗೆ ಬಂದಿದ್ದಾಳೆ. ಅವಳಿಗೆ ಓದು ಬಂದಿಲ್ಲ ಅನ್ನೋದು ಯಾರ ಗಮನಕ್ಕೂ ಬಂದಿರಲಿಲ್ಲ, ಅಷ್ಟೇ.

ಇದು ಒಂದು ಶಾಲೆಯ ಕಥೆಯಲ್ಲ. ದೇಶದ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಓದು ನೋಡುವ ‘ಅಸರ್’ ಸಮೀಕ್ಷೆಯ ಪ್ರಕಾರ, 2024ರಲ್ಲಿ ಸರ್ಕಾರಿ ಶಾಲೆಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ನೂರಕ್ಕೆ 45ರಷ್ಟು ಮಾತ್ರ. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಆಗುವುದಿಲ್ಲ. ಅಂಥ ಮಗುವಿನ ಮುಂದೆ ಸ್ಮಾರ್ಟ್ ಬೋರ್ಡ್ ಇಟ್ಟರೆ ಮಗು ವಿಡಿಯೊ ನೋಡುತ್ತದೆ, ಖುಷಿಪಡುತ್ತದೆ, ಓದು ಇದ್ದಲ್ಲೇ ಇರುತ್ತದೆ.

ಓದದ ಮಗು ಆರನೇ ತರಗತಿಗೆ ಹೋದಾಗ ಸಮಾಜ, ವಿಜ್ಞಾನ ಎಲ್ಲವೂ ಮುಚ್ಚಿದ ಪುಸ್ತಕವೇ. ಹಾಗೇ ತಳ್ಳಿಕೊಂಡು ಎಸ್ಸೆಸ್ಸೆಲ್ಸಿಗೆ ಬರುತ್ತದೆ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ನೆನಪಿದೆಯಲ್ವಾ? ಆ ವರ್ಷ ಉಡುಪಿಯಲ್ಲಿ ನೂರಕ್ಕೆ 94 ಮಕ್ಕಳು ಪಾಸಾದರೆ, ನಿಮ್ಮ ಪಕ್ಕದ ಯಾದಗಿರಿಯಲ್ಲಿ ಪಾಸಾದವರು ಅರ್ಧದಷ್ಟು. ಎಲ್ಲರೂ ಹತ್ತನೇ ತರಗತಿ ಮಕ್ಕಳಿಗೆ ರಾತ್ರಿ ಕ್ಲಾಸು, ವಿಶೇಷ ಕ್ಲಾಸು ಅಂತ ಓಡಾಡಿದರು. ಮಾಡಲಿ. ಆದರೆ ಆ ಮಕ್ಕಳು ಸೋಲಲು ಶುರುವಾಗಿದ್ದು ಎರಡನೇ ಮೂರನೇ ತರಗತಿಯಲ್ಲಿ.

ಇನ್ನು ಇಂಗ್ಲಿಷ್. ನಿಮ್ಮ ಪತ್ರದಲ್ಲಿ ಆ ವ್ಯಾನ್ ಬಗ್ಗೆ ಬರೆದ ಸಾಲು ನೋಡಿ ನನಗೆ ಸಂಕಟವಾಯಿತು. ನಿಮ್ಮ ಮಗಳಿಗೂ ಇಂಗ್ಲಿಷ್ ಬರಬೇಕು ಅನ್ನುವ ನಿಮ್ಮ ಆಸೆ ನೂರಕ್ಕೆ ನೂರು ನ್ಯಾಯವಾದದ್ದು. ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲೇ ಓದಿಸಿ ನಿಮಗೆ ಮಾತ್ರ ಕನ್ನಡಾಭಿಮಾನದ ಪಾಠ ಹೇಳುವವರ ಮಾತು ಕೇಳಬೇಡಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ಶುರು ಮಾಡಿದರು. ಆದರೆ ಶಾಲೆಯ ಹೆಸರಿನ ಫಲಕದಲ್ಲಿ ಮೀಡಿಯಂ ಬದಲಾದ ತಕ್ಷಣ ಭಾಷೆ ಬರುವುದಿಲ್ಲ. ಇಂಗ್ಲಿಷ್ ಮಾತಾಡಿ ರೂಢಿಯಿಲ್ಲದ ಶಿಕ್ಷಕರು ಗಣಿತವನ್ನೂ ಇಂಗ್ಲಿಷಿನಲ್ಲೇ ಹೇಳಬೇಕಾಗಿ ಬಂದರೆ ಮಗುವಿಗೆ ಅತ್ತ ಗಣಿತವೂ ಇಲ್ಲ, ಇತ್ತ ಇಂಗ್ಲಿಷೂ ಇಲ್ಲ. ನಿಮ್ಮ ಕಡೆ ತಾಂಡಾಗಳಿಂದ ಬರುವ ಮಕ್ಕಳಿಗಂತೂ ಕನ್ನಡವೇ ಎರಡನೇ ಭಾಷೆ, ಮನೆಯಲ್ಲಿ ಲಂಬಾಣಿ. ಅವರ ಬಗ್ಗೆ ಯಾವ ಸಭೆಯಲ್ಲೂ ಯಾರೂ ಮಾತಾಡುವುದಿಲ್ಲ, ನೀವಾದರೂ ಮಾತಾಡಿ.

ಜಗತ್ತಿನ ಜೊತೆ ನಿಲ್ಲುವ ವಿಷಯಕ್ಕೆ ವಿಯೆಟ್ನಾಂ ನೋಡಿ. 15 ವರ್ಷದ ಮಕ್ಕಳಿಗಾಗಿ ಹಲವು ದೇಶಗಳಲ್ಲಿ ನಡೆಯುವ ಪಿಸಾ ಪರೀಕ್ಷೆಯಲ್ಲಿ 2012ರಲ್ಲಿ ಅದು ಗಣಿತದಲ್ಲಿ 511 ಅಂಕ ತೆಗೆಯಿತು, ಅಮೆರಿಕಕ್ಕೆ ಬಂದದ್ದು 481. ವಿಯೆಟ್ನಾಂನಲ್ಲಿ ಆ ವಯಸ್ಸಿನ ಸಾಕಷ್ಟು ಮಕ್ಕಳು ಶಾಲೆಯ ಹೊರಗಿದ್ದರು ಎಂಬುದೂ ನಿಜ. ಆದರೂ ಬಡ ದೇಶದ ಮಕ್ಕಳು ತಮ್ಮದೇ ಭಾಷೆಯಲ್ಲಿ ಕಲಿತು, ಅದೇ ಭಾಷೆಯಲ್ಲಿ ಪರೀಕ್ಷೆ ಬರೆದು ಅಲ್ಲಿಗೆ ಮುಟ್ಟಿದರು. 2009ರ ಸುತ್ತಿನಲ್ಲಿ ನಮ್ಮ ದೇಶದಿಂದ ಹಿಮಾಚಲ ಮತ್ತು ತಮಿಳುನಾಡು ಬರೆದಿದ್ದವು, ಎರಡೂ ಪಟ್ಟಿಯ ತಳದಲ್ಲಿದ್ದವು.

ಈಗ ಆ ಮೂರು ಲಕ್ಷದ ಮಾತು. ನಿಮ್ಮೂರಲ್ಲೋ ಪಕ್ಕದ ಊರಲ್ಲೋ ಡಿ.ಎಡ್ ಮುಗಿಸಿ ಮನೆಯಲ್ಲಿರುವ ಹೆಣ್ಣುಮಗಳು ಒಬ್ಬಳಾದರೂ ಇದ್ದೇ ಇರುತ್ತಾಳೆ. ಅವಳಿಗೆ ಅರ್ಧ ದಿನದ ಕೆಲಸಕ್ಕೆ ತಿಂಗಳಿಗೆ ಎಂಟು ಸಾವಿರ ಅಂತ ಕೊಟ್ಟರೂ ವರ್ಷಕ್ಕೆ ಹತ್ತು ತಿಂಗಳಂತೆ ಎರಡು ವರ್ಷಕ್ಕೆ 1 ಲಕ್ಷ 60 ಸಾವಿರ ಆಗುತ್ತದೆ. ಮುಖ್ಯ ಶಿಕ್ಷಕರನ್ನು ಕೇಳಿ, ಸಮಿತಿಯಲ್ಲಿ ಠರಾವು ಮಾಡಿಸಿ, ದಿನಾ ಒಂದೂವರೆ ಗಂಟೆ ಓದಿಗೇ ಅಂತ ತೆಗೆದಿಡಿ. ಆ ಹೊತ್ತಿನಲ್ಲಿ ಮೂರು, ನಾಲ್ಕು, ಐದು ಅಂತ ತರಗತಿ ನೋಡಬೇಡಿ. ಅಕ್ಷರ ಗೊತ್ತಿಲ್ಲದವರು ಒಂದು ಕಡೆ, ಪದ ಓದುವವರು ಒಂದು ಕಡೆ, ಸಾಲು ಓದುವವರು ಇನ್ನೊಂದು ಕಡೆ ಕೂರಲಿ. ಇದೇನು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆ ಮಾಡಿಸುತ್ತಾ ಕಲಿಸುವ ನಲಿ-ಕಲಿಯಲ್ಲಿ ಇರುವುದು ಇದೇ. ಕಾರ್ಡು, ಹಂತಹಂತವಾಗಿ ಮೇಲೇರುವ ಕಲಿಕಾ ಏಣಿ, ಶಿಕ್ಷಕರ ಸಹಾಯ ಬೇಕಾದವರಿಗೆ ಒಂದು ತಟ್ಟೆ (ಅಂದರೆ ಗುಂಪು), ತಾವೇ ಕಲಿಯುವವರಿಗೆ ಇನ್ನೊಂದು ತಟ್ಟೆ. ನಿಮ್ಮ ಶಾಲೆಯ ಒಂದರಿಂದ ಮೂರರಲ್ಲಿ ಈಗಲೂ ಇರಬೇಕು, ಹೋಗಿ ನೋಡಿ, ಕಾರ್ಡುಗಳು ಪೂರ್ತಿ ಇವೆಯೇ, ಮಕ್ಕಳ ಕೈಗೆ ಬರುತ್ತಿವೆಯೇ ಅಂತ. ನಾಲ್ಕನೆಯದಕ್ಕೆ ಬಂದ ಕೂಡಲೇ ಅದು ನಿಂತುಹೋಗುತ್ತದೆ, ಹಿಂದೆ ಉಳಿದ ಮಗು ಅಲ್ಲೇ ಉಳಿಯುತ್ತದೆ. ನೀವು ತುಂಬಬೇಕಾದ ಜಾಗ ಅದು.

ಐವತ್ತು ಸಾವಿರಕ್ಕೆ ಕಥೆ ಪುಸ್ತಕ ತನ್ನಿ. ಬೀಗ ಹಾಕಿದ ಬೀರುವಿನಲ್ಲಿ ಇಡಬೇಡಿ, ಹರಿದರೆ ಹರಿಯಲಿ, ಮನೆಗೆ ಒಯ್ಯಲಿ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ಮಕ್ಕಳಿಗೆ ಸದಸ್ಯತ್ವ ಉಚಿತ, ಸುಮ್ನೆ ಹೆಸರು ಬರೆಸಿದರೆ ಸಾಕು. ಬಹಳ ಕಡೆ ಕಂಪ್ಯೂಟರೂ ಇದೆ. ಉಳಿದ ದುಡ್ಡು ಬ್ಯಾಂಕಿನಲ್ಲಿರಲಿ, ಮೂರನೇ ವರ್ಷಕ್ಕೆ ಬೇಕಾಗುತ್ತದೆ.

ಆ ಹುಡುಗನಿಂದ ದುಡ್ಡಿಗಿಂತ ದೊಡ್ಡದೊಂದನ್ನು ಕೇಳಿ: ಅವನ ಸಮಯ. ವಾರಕ್ಕೊಮ್ಮೆ ಅರ್ಧ ಗಂಟೆ ವಿಡಿಯೊ ಕಾಲ್‌ನಲ್ಲಿ ನಾಲ್ಕು, ಐದನೇ ತರಗತಿ ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಲಿ. ಅವನ ಊರಲ್ಲಿ ಹಿಮ ಬೀಳುತ್ತದಾ, ಏನು ತಿಂತಾನೆ, ಬಸ್ಸಿದೆಯಾ, ಮಕ್ಕಳು ಕೇಳಲಿ. ತಪ್ಪು ತಪ್ಪಾಗಿಯೇ ಕೇಳಲಿ. ಇಂಗ್ಲಿಷ್ ಕಿವಿಗೆ ಬೀಳದೆ ಬಾಯಿಗೆ ಬರುವುದಿಲ್ಲ, ನಮ್ಮ ಹಳ್ಳಿ ಮಕ್ಕಳಿಗೆ ಇಲ್ಲದೇ ಇರುವುದು ಅದೇ. ನಿಮ್ಮ ಕನ್ನಡದಲ್ಲೇ ಬೆಳೆದವನು ಅಲ್ಲಿಗೆ ಹೇಗೆ ಹೋದ ಅಂತ ಅವನ ಬಾಯಿಂದಲೇ ಕೇಳಿದರೆ ಆ ಮಕ್ಕಳಿಗೆ ಸಿಗುವ ಧೈರ್ಯವೇ ಬೇರೆ.

ಒಂದು ಎಚ್ಚರಿಕೆ. ಇದೆಲ್ಲ ಮಾಡುತ್ತೀರಿ ಅಂತ ಸರ್ಕಾರವನ್ನು ಸುಮ್ಮನೆ ಬಿಡಬೇಡಿ. ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಒಂದರಿಂದ ಐದರವರೆಗೆ 91ರಿಂದ 120 ಮಕ್ಕಳಿದ್ದರೆ ನಾಲ್ವರು ಶಿಕ್ಷಕರಿರಬೇಕು. ನಿಮ್ಮಲ್ಲಿ ಇಬ್ಬರು. ಇನ್ನಿಬ್ಬರು ಬೇಕು ಅಂತ ಠರಾವು ಬರೆದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು, ಸ್ವೀಕೃತಿ ತಗೊಳ್ಳಿ. ಬರೀ ಬಾಯಿಮಾತು ಬೇಡ. ಮಕ್ಕಳ ಗ್ರಾಮಸಭೆ ನಡೆದಾಗ ಇದನ್ನು ಮಕ್ಕಳೇ ಕೇಳಲಿ. ಐದನೇ ತರಗತಿಯ ಹುಡುಗಿ ಮೈಕ್ ಹಿಡಿದು ಅಧ್ಯಕ್ಷರನ್ನು ‘ನಮಗ ಟೀಚರ್ ಯಾಕ ಇಲ್ಲ?’ ಅಂತ ಕೇಳುವುದೂ ಶಿಕ್ಷಣವೇ. ನಾಳೆ ಅವಳು ಯಾವ ದೇಶದಲ್ಲಿದ್ದರೂ ಬೇಕಾಗುವ ಶಿಕ್ಷಣ.

ಗುಳೆಯ ಬಗ್ಗೆ ನೀವು ಬರೆದಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವ ಮನೆಗಳು ನಿಮ್ಮೂರಲ್ಲೂ ಇರುತ್ತವೆ. ಆ ಮಕ್ಕಳನ್ನು ಅಜ್ಜಿಯ ಹತ್ತಿರವೋ ಋತುಮಾನದ ಹಾಸ್ಟೆಲ್‌ನಲ್ಲೋ ಬಿಟ್ಟು ಹೋಗುವಂತೆ ತಾಯಂದಿರ ಹತ್ತಿರ ಮಾತಾಡಲು ನಿಮ್ಮಷ್ಟು ಯೋಗ್ಯರು ಇನ್ನೊಬ್ಬರಿಲ್ಲ. ನಾಲ್ಕು ತಿಂಗಳು ಶಾಲೆ ತಪ್ಪಿದ ಮಗು ವಾಪಸ್ ಬಂದಾಗ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಆದರೆ ಕಲಿತದ್ದೆಲ್ಲ ಮರೆತಿರುತ್ತದೆ.

ಮಕ್ಕಳಿಗೆ ಓದಿಸಿ ನೋಡಿದ ಮೇಲೆ ಎಷ್ಟು ಮಂದಿ ಯಾವ ಮಟ್ಟದಲ್ಲಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದು ಅಮೆರಿಕಕ್ಕೆ ಕಳಿಸಿ. ಬೋರ್ಡ್ ಯಾಕೆ ಬೇಡ ಅನ್ನುವುದು ಆ ಹಾಳೆ ನೋಡಿದರೆ ಅವನಿಗೇ ತಿಳಿಯುತ್ತದೆ. ಒಂದು ಪ್ರತಿ ನಮಗೂ ಕಳಿಸಿ. ಯಾವ ಮಟ್ಟಕ್ಕೆ ಯಾವ ಪುಸ್ತಕ ಅಂತ ಪಟ್ಟಿ ಮಾಡಿಕೊಡುವುದು ನಮ್ಮ ಕೆಲಸ.