ಎಂಬಿಬಿಎಸ್ ಓದುವವರಿಗೆ ಸಮಾಜಶಾಸ್ತ್ರ ಯಾಕೆ?

ನಿಮ್ಮ ತಮ್ಮ ಎಂಬಿಬಿಎಸ್‌ನಲ್ಲಿ ಕುಟುಂಬ, ಜಾತಿ, ಬಡತನ ಅಂತೆಲ್ಲ ಓದಬೇಕಾಗಿದೆ, ಇದು ಸುಮ್ನೆ ಟೈಮ್ ವೇಸ್ಟ್ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಆಗಿದ್ದವನು. ಓದುವಾಗ ಆ ಪುಟಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದಿದ್ದೆ. ಅವುಗಳ ಬೆಲೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ.

ಆರು ತಿಂಗಳ ಬಸುರಿ ಒಬ್ಬಳು ತಪಾಸಣೆಗೆ ಬಂದಳು. ರಕ್ತದಲ್ಲಿ ಹಿಮೋಗ್ಲೋಬಿನ್ 7.2 ಇತ್ತು, ತುಂಬಾ ಕಡಿಮೆ. ಕಬ್ಬಿಣಾಂಶದ ಮಾತ್ರೆ ಕೊಟ್ಟೆ. ಮುಂದಿನ ತಿಂಗಳೂ ಅಷ್ಟೇ.

"ಮಾತ್ರೆ ತಗೊಂಡ್ಯೇನಮ್ಮಾ?"

"ಹೂಂ ಸಾರ್."

ಜಂತುಹುಳು ಇರಬಹುದಾ, ಬೇರೆ ರಕ್ತದ ಕಾಯಿಲೆಯಾ ಅಂತ ತಲೆ ಕೆಡಿಸಿಕೊಂಡೆ. ನಿಜ ಹೇಳಿದ್ದು ಊರಿನ ಆಶಾ ಕಾರ್ಯಕರ್ತೆ. ಈ ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ, ಅದು ಸಹಜ. ಆದರೆ ಮಗುವೂ ಕಪ್ಪಗೆ ಹುಟ್ಟುತ್ತದೆ ಅಂತ ಹೆದರಿ ಅತ್ತೆ ಮಾತ್ರೆ ಬಿಡಿಸಿದ್ದರು. ನಾನು ಕೊಟ್ಟ ಮಾತ್ರೆ ಪಟ್ಟಿಗಳು ಅಕ್ಕಿ ಡಬ್ಬದ ಹಿಂದೆ ಹಾಗೇ ಇದ್ದವು. ಸಾಲದ್ದಕ್ಕೆ ಆಕೆ ಊಟಕ್ಕೆ ಕೂರುತ್ತಿದ್ದುದು ಎಲ್ಲರದ್ದೂ ಆದ ಮೇಲೆ. ಅಷ್ಟೊತ್ತಿಗೆ ಸಾರಿನಲ್ಲಿದ್ದ ಸೊಪ್ಪು, ಕಾಳು ಖಾಲಿಯಾಗಿ ಬರೀ ತಿಳಿ ಉಳಿದಿರುತ್ತಿತ್ತು.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. "ಹೆರಿಗೆಯಲ್ಲಿ ರಕ್ತ ಹೋದರೆ ತಡಕೊಳ್ಳೋಕೆ ಇವಳ ಮೈಯಲ್ಲಿ ರಕ್ತ ಇರಬೇಕಲ್ವಾ ಅಮ್ಮಾ? ನೀವೇ ದಿನಾ ಮಾತ್ರೆ ಕೈಗೆ ಕೊಡಿ" ಅಂದೆ. ಕೊಟ್ಟರು. ಹೆರಿಗೆ ಹೊತ್ತಿಗೆ 9.4 ಆಗಿತ್ತು. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಅಂತ ನಾನು ಮೊದಲ ದಿನವೇ ಕೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇದೆ. ಇದು ಬರೀ ಮಾತ್ರೆಯಿಂದ ಹೋಗುವಂಥದ್ದಾ ಹೇಳಿ?

ಮಲೆನಾಡಿನ ಮಂಗನ ಕಾಯಿಲೆ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಉಣುಗು ಕಚ್ಚಿ ಬರುತ್ತದೆ, ಕಾಡಿಗೆ ಹೋಗಬೇಡಿ ಅನ್ನುವುದು ಸುಲಭ. ಆದರೆ ಒಲೆಗೆ ಸೌದೆ, ಕೊಟ್ಟಿಗೆಗೆ ತರಗೆಲೆ ಎಲ್ಲಿಂದ ಬರಬೇಕು? ಇದು ಗೊತ್ತಿರುವ ಡಾಕ್ಟರ್, ಹೋಗುವಾಗ ಉಣುಗು ಹತ್ತದಂತೆ ಮೈಗೆ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ ಅಂತಾರೆ. ಆ ಮಾತನ್ನು ಜನ ಕೇಳುತ್ತಾರೆ.

ಪಾಠ ಮಾಡುವ ರೀತಿ ಬಗ್ಗೆ ನನಗೂ ಬೇಸರ ಇದೆ. ವ್ಯಾಖ್ಯೆ ಬರೆಸಿ ಮಾರ್ಕ್ಸ್ ಕೊಟ್ಟರೆ ಏನೂ ಬರಲ್ಲ. ಆದರೆ 2021-22ರ ಬ್ಯಾಚಿನಿಂದ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತಗೊಂಡು ಆಗಾಗ ಹೋಗಿ ನೋಡಬೇಕು ಅನ್ನುವ ನಿಯಮ ಬಂದಿದೆ. ತುಂಬಾ ಒಳ್ಳೇದು. ಬಿಪಿ ನೋಡಿ ವಾಪಸ್ ಬಂದುಬಿಡಬೇಡ ಅಂತ ನಿಮ್ಮ ತಮ್ಮನಿಗೆ ಹೇಳಿ. ಆಸ್ಪತ್ರೆಗೆ ಹೋಗಬೇಕಂದ್ರೆ ಆ ಮನೆಯ ಹೆಂಗಸರು ಯಾರನ್ನು ಕೇಳಬೇಕು, ಒಂದು ದಿನದ ಕೂಲಿ ತಪ್ಪಿದರೆ ಏನು ಮಾಡುತ್ತಾರೆ ಅಂತ ಕೂತು ಮಾತಾಡಲಿ. ಮೊದಲ ಸಲ ಯಾರೂ ಬಾಯಿ ಬಿಡಲ್ಲ. ಮೂರನೇ ಸಲ ಹೋದಾಗ ಅವರೇ ಶುರು ಮಾಡುತ್ತಾರೆ.