ಎತ್ತರದ ಕೋಲಿಗೆ ಕುತ್ತಿಗೆ ಕಾಣಿಸುವುದಿಲ್ಲ

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಹುಟ್ಟಿನಿಂದಲೇ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಹೈಪೊಟೋನಿಯಾ ಎಂದಿದ್ದಾರೆ. ನಡೆಯುತ್ತಾಳೆ, ಆದರೆ ಬೇಗ ದಣಿಯುತ್ತಾಳೆ. ಒರಗಲು ಏನೂ ಇಲ್ಲದಿದ್ದರೆ ಹೆಚ್ಚು ಹೊತ್ತು ನೆಟ್ಟಗೆ ಕೂರಲಾರಳು. ಬೇಸಿಗೆ ರಜೆಯಲ್ಲಿ ಭಾವನ ಮನೆಯವರ ಜತೆ ಕೊಚ್ಚಿಯ ವಂಡರ್‌ಲಾಗೆ ಹೋಗುವುದೆಂದು ನಿಶ್ಚಯವಾಗಿದೆ. "ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಬನ್ನಿ" ಎನ್ನುತ್ತಾರೆ ಭಾವ. "ಎಲ್ಲದರಲ್ಲೂ ಕೂರಿಸೋಣ, ಹೆದರಿಕೆ ಬಿಡಲಿ" ಎನ್ನುತ್ತಾರೆ ಯಜಮಾನರು. ಮಗಳು ದಿನವೂ ಮೊಬೈಲಿನಲ್ಲಿ ಆ ಪಾರ್ಕಿನ ವಿಡಿಯೋ ನೋಡುತ್ತಾಳೆ. ಪ್ಲಸ್ ಟೂ ಪ್ರವಾಸದಲ್ಲಿ, ಅದಿನ್ನೂ ವೀಗಾಲ್ಯಾಂಡ್ ಆಗಿದ್ದಾಗ, ತುದಿಯ ಸೀಟಿಗಾಗಿ ಗೆಳತಿಯರೊಂದಿಗೆ ಜಗಳವಾಡಿದವಳು ನಾನು. ಈಗ ಆ ವಿಡಿಯೋ ನೋಡಿದರೆ ಕೈ ತಣ್ಣಗಾಗುತ್ತದೆ. ಏನು ಮಾಡಲಿ?
ಬದಿಯಡ್ಕ ಕಡೆಯ ಒಬ್ಬ ತಾಯಿ

ಉತ್ತರ: ಬಿಟ್ಟು ಹೋಗಬೇಡಿ. ಎಲ್ಲದರಲ್ಲೂ ಕೂರಿಸಲೂ ಬೇಡಿ. ಭಾವ ಮತ್ತು ಯಜಮಾನರು ಎದುರುಬದುರು ನಿಂತಂತೆ ಕಂಡರೂ ಇಬ್ಬರೂ ಮಗುವಿನ ಮೈಯನ್ನು ನೋಡದೆಯೇ ತೀರ್ಪು ಹೇಳುತ್ತಿದ್ದಾರೆ.

ಯಜಮಾನರಿಗೆ ಇಷ್ಟನ್ನು ಓದಿ ಹೇಳಿ. ಹೆದರಿಕೆ ಬೇರೆ, ಬಿಗಿ ಬೇರೆ. ಹತ್ತು ಸಲ ಕೂತರೆ ಹೆದರಿಕೆ ಕರಗಬಹುದು. ಸ್ನಾಯುವಿನ ಬಿಗಿ ಹಾಗೆ ಬರುವುದಿಲ್ಲ. ಸುಮ್ಮನೆ ಕೂತಾಗಲೂ ನಮ್ಮ ಸ್ನಾಯುಗಳು ಸ್ವಲ್ಪ ಎಳೆದುಕೊಂಡೇ ಇರುತ್ತವೆ. ವಾಹನ ಎಗರಿದಾಗ ಕುತ್ತಿಗೆಯು ನಮ್ಮನ್ನು ಕೇಳದೆಯೇ ತಲೆಯನ್ನು ಹಿಡಿದು ನಿಲ್ಲಿಸುವುದು ಆ ಸಿದ್ಧತೆಯಿಂದ. ನಿಮ್ಮ ಮಗಳಲ್ಲಿ ಅದು ತಡವಾಗಿ ಬರುತ್ತದೆ, ಬೇಗ ಸೋಲುತ್ತದೆ. ರೈಡಿನ ಬಾಗಿಲಲ್ಲಿ ಎತ್ತರ ಅಳೆಯಲು ನಿಲ್ಲಿಸಿದ ಕೋಲಿಗೆ ಇದು ಕಾಣಿಸುವುದಿಲ್ಲ. "ಎತ್ತರ ಸಾಕು, ಹತ್ತಿಸಿ" ಎಂದು ಅಲ್ಲಿನ ಹುಡುಗ ಹೇಳಿದರೆ ಅವನ ಲೆಕ್ಕ ಮುಗಿಯಿತು, ನಿಮ್ಮದು ಮುಗಿದಿಲ್ಲ.

ಆ ಲೆಕ್ಕವನ್ನು ಊರಿನಲ್ಲೇ ಶುರುಮಾಡಿ. ಕುಂಬಳೆಗೆ ಆಟೋದಲ್ಲಿ ಕರೆದುಕೊಂಡು ಹೋಗಿ ಸುಮ್ಮನೆ ನೋಡಿ. ಹಂಪ್ ದಾಟಿದಾಗ ತಲೆ ತಾನಾಗಿ ನೇರವಾಗುತ್ತದೆಯೇ, ನಿಮ್ಮ ತೋಳಿಗೆ ಬಿದ್ದು ಅಲ್ಲೇ ಉಳಿಯುತ್ತದೆಯೇ? ತಿರುವಿನಲ್ಲಿ ಸೊಂಟ ಜಾರುತ್ತದೆಯೇ? ಕಂಬಿಯನ್ನು ಎಷ್ಟು ಹೊತ್ತು ಹಿಡಿದಿರುತ್ತಾಳೆ? ಕಂಡದ್ದನ್ನು ಫಿಸಿಯೋಥೆರಪಿಯವರಿಗೆ ಹೇಳಿ, ರೈಡುಗಳ ವಿಡಿಯೋವನ್ನೂ ತೋರಿಸಿ. ಮಗಳು ಹೇಗೂ ಹುಡುಕಿಟ್ಟಿದ್ದಾಳಲ್ಲ.

ಬಿಗಿ ಕಡಿಮೆಯಾಗಲು ಕಾರಣವೇನೆಂದು ನೀವು ಬರೆದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗಿರುತ್ತದೆ. ಅಂಥವರಿಗೆ ಬಲವಾದ ಜಗ್ಗಾಟದಿಂದ ಬೆನ್ನುಹುರಿಗೇ ಪೆಟ್ಟಾಗಬಹುದು. ಹಾಗಿದ್ದರೆ ವೈದ್ಯರು ಹೇಳುವವರೆಗೆ ಯಾವ ಸೀಟಿನಲ್ಲೂ ಕೂರಿಸಬೇಡಿ.

ಇನ್ನು ಪಾರ್ಕು. ಜನರು ಯಾವಾಗಲೂ ಎತ್ತರ ನೋಡಿ ಹೆದರುತ್ತಾರೆ. ನನಗೆ ಭಯವಿರುವುದು ನೆಲದ ಮೇಲೇ ಇರುವ ಡ್ಯಾಷಿಂಗ್ ಕಾರಿನ ಬಗ್ಗೆ. ಪುಟ್ಟ ಕಾರು, ಬಣ್ಣದ ದೀಪ, ನಗುವ ಮಕ್ಕಳು. ಹಿಂದಿನಿಂದ ಅಣ್ಣ ಬಂದು ಗುದ್ದಿದರೆ ತಯಾರಿಲ್ಲದ ಕುತ್ತಿಗೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ. ನಿಮ್ಮ ಮಗಳಿಗೆ ಅದು ಬೇಡವೇ ಬೇಡ. ಅದಕ್ಕಿಂತ ನಿಧಾನವಾಗಿ ಮೇಲೇರುವ, ಸುತ್ತಲೂ ಮುಚ್ಚಿದ ಗೂಡಿನ ಜೈಂಟ್ ವೀಲ್ ಎಷ್ಟೋ ವಾಸಿ. ಆದರೆ ಜಾತ್ರೆಯ ತೆರೆದ ತೊಟ್ಟಿಲನ್ನು ಅದರ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಂದು ಮೋಸ, ತೊಡೆಯ ಮೇಲೆ ಇಳಿಯುವ ಸರಳು. ಇಬ್ಬರಿಗೆ ಒಂದೇ ಸರಳಿದ್ದರೆ ಅದು ದಪ್ಪಗಿರುವವರ ತೊಡೆಗೆ ತಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಯಜಮಾನರು ಕೂತರೆ ಮಗಳಿಗೂ ಸರಳಿಗೂ ನಡುವೆ ತೆಂಗಿನಕಾಯಿ ತೂರುವಷ್ಟು ಜಾಗ. ಬಿಗಿಯಿಲ್ಲದ ಮೈ ಅಲ್ಲೇ ಕೆಳಗೆ ಜಾರುವುದು. "ನಾನು ಹಿಡಿದುಕೊಳ್ಳುತ್ತೇನೆ" ಎಂಬ ಮಾತನ್ನು ನಂಬಬೇಡಿ. ರೈಡು ಓಡುವಾಗ ಅಪ್ಪನ ಕೈಗೂ ಹಿಡಿತವಿರುವುದಿಲ್ಲ. ಬೆನ್ನಿಗೆ ಎತ್ತರದ ಒರಗು, ಅವಳಿಗೇ ಬೇರೆ ಪಟ್ಟಿ, ಪಾದಕ್ಕೆ ನೆಲ, ಈ ಮೂರೂ ಇದ್ದು ಓಟ ನಿಧಾನವಾಗಿದ್ದರೆ ಯೋಚಿಸಿ. ಪುಟಾಣಿ ರೈಲು ಸರಿ. ತಿರುಗುವ ಕುದುರೆಗಳಲ್ಲಿ ಏರಿಳಿಯುವ ಕುದುರೆಯ ಬದಲು ಅಲುಗಾಡದ ಬೆಂಚು ಸರಿ. ಯಾವುದೇ ಆದರೂ ಒಂದು ಸುತ್ತು ಪೂರ್ತಿ ಹೊರಗೆ ನಿಂತು ನೋಡಿ. ಕೊನೆಯಲ್ಲಿ ಹೇಗೆ ನಿಲ್ಲುತ್ತದೆಂಬುದನ್ನು ವಿಶೇಷವಾಗಿ. ಹತ್ತಿಸಲು ಬರುವವರಿಗೆ, ಕಂಕುಳಿಗೆ ಕೈಹಾಕಿ ಎತ್ತಿದರೆ ಜಾರುತ್ತಾಳೆ, ತೋಳು ಹಿಡಿದು ಎಳೆಯಬಾರದು ಎಂದು ಮೊದಲೇ ತಿಳಿಸಿ.

ನೀರಿನಲ್ಲಿ ಅವಳ ಮೈ ಹಗುರವಾಗುತ್ತದೆ, ಸಂತೋಷಪಡುತ್ತಾಳೆ. ಆಳವಿಲ್ಲದ ಕೊಳ, ತಲೆಗೆ ಆಸರೆ ಕೊಡುವ ಲೈಫ್ ಜಾಕೆಟ್, ಕೈಯಳತೆಯಲ್ಲಿ ನೀವು. ಗಾಳಿ ತುಂಬಿದ ಟ್ಯೂಬು ಆಟಿಕೆ, ಆಸರೆಯಲ್ಲ. ಮಗುಚಿದರೆ ಮುಖವನ್ನು ತಾನೇ ಮೇಲೆತ್ತಲು ಅವಳಿಗೆ ಕಷ್ಟ. ಅಲೆಯ ಕೊಳ ಮತ್ತು ಉದ್ದದ ಜಾರುಬಂಡಿ ಬೇಡ. (ಸೆರೆಬ್ರಲ್ ಪಾಲ್ಸಿಯಿಂದ ಬಿಗಿತ ಹೆಚ್ಚಿರುವ ಮಕ್ಕಳ ತಾಯಂದಿರು ಇದನ್ನು ಹಾಗೆಯೇ ಅನುಸರಿಸಬೇಡಿ. ಕುಂಬಳೆ ಜಾತ್ರೆಯ ಸುಡುಮದ್ದಿನ ಮೊದಲ ಸದ್ದಿಗೇ ಕೈಕಾಲು ಸೆಟೆಯುವ ಮಗುವಿಗೆ ತಣ್ಣೀರು ಮತ್ತು ಹಠಾತ್ ಗದ್ದಲವೇ ಶತ್ರು.)

ಭಾವನ ಮಾತಿಗೆ ಬರುತ್ತೇನೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಗುವಿನ ಮೈ ಸ್ವಲ್ಪ ವಾಲಿದರೆ ಸಾಕು, ಬಸ್ಸಿನಲ್ಲಿ ಪಕ್ಕದವರು "ಎಂಡೋಸಲ್ಫಾನಾ?" ಎಂದು ಕೇಳುತ್ತಾರೆ. ಗೇರು ತೋಟಗಳ ಮೇಲೆ ಆ ಕೀಟನಾಶಕದ ಹೆಲಿಕಾಪ್ಟರ್ ಸಿಂಪಡಣೆ ನಿಂತು ಇಪ್ಪತ್ತು ವರ್ಷ ದಾಟಿದೆ. ಆ ವಿಷಕ್ಕೆ ತುತ್ತಾದ ಎಣ್ಮಕಜೆಯ ಮನೆಗಳ ನೋವನ್ನು ಹಗುರ ಮಾಡುವವಳಲ್ಲ ನಾನು. ಆದರೆ ಇಂಥ ಮಕ್ಕಳೆಂದರೆ ಜಗಲಿಯಲ್ಲಿ ಮಲಗಿರುವವರು ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಭಾವ ಕೆಟ್ಟವರಲ್ಲ, ಆ ಚಿತ್ರವನ್ನು ನೋಡಿ ಮಾತಾಡುತ್ತಿದ್ದಾರೆ. ಅವರೊಂದಿಗೆ ವಾದ ಬೇಡ. ಕೊಚ್ಚಿಗೆ ರೈಲಿನಲ್ಲಿ ಆರೇಳು ಗಂಟೆ. ಹಿಂದಿನ ದಿನವೇ ಹೋಗಿ ತಂಗೋಣ ಎಂದಷ್ಟೇ ಕೇಳಿ, ದಣಿದು ಇಳಿದ ಮಗುವಿನ ಕುತ್ತಿಗೆ ಇನ್ನೂ ಬೇಗ ಸೋಲುತ್ತದೆ. ಒಪ್ಪದಿದ್ದರೆ ಕಣ್ಣೂರಿನ ಆಚೆ ಹೋಗುವುದೇ ಬೇಡ: ಪರಶ್ಶಿನಿಕಡವಿನಲ್ಲಿ ವಿಸ್ಮಯ ಪಾರ್ಕ್ ಇದೆ, ಹಾವುಗಳ ಪಾರ್ಕ್ ಇದೆ, ಮುತ್ತಪ್ಪನ ಸನ್ನಿಧಿಯಲ್ಲಿ ಎಲ್ಲೆಂದರಲ್ಲಿ ಮಲಗಿರುವ ನಾಯಿಗಳಿವೆ. ಎಂಟು ವರ್ಷದವಳಿಗೆ ನಾಯಿಗಳೇ ಹೆಚ್ಚು ಇಷ್ಟವಾದರೂ ಆಶ್ಚರ್ಯವಿಲ್ಲ.

ಯಾವುದರಲ್ಲಿ ಕೂರುತ್ತಾಳೆ, ಯಾವುದರಲ್ಲಿ ಇಲ್ಲ ಎಂಬುದನ್ನು ಅವಳಿಗೆ ಮನೆಯಲ್ಲೇ ಹೇಳಿ, ಅದೇ ವಿಡಿಯೋ ಮುಂದಿಟ್ಟುಕೊಂಡು. ಅಳುವುದಿದ್ದರೆ ಅಲ್ಲೇ ಅಳಲಿ. ಸರತಿಯ ತುದಿಗೆ ಬಂದ ಮೇಲೆ ಅಣ್ಣಂದಿರ ಮುಂದೆ "ನಿನಗಿಲ್ಲ" ಎನ್ನಬೇಡಿ.

ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಒಂದು ಗಂಟೆ ನೆರಳಿನಲ್ಲಿ ಮಲಗಿಸಿ. ಪಕ್ಕದಲ್ಲಿ ಯಜಮಾನರು ಕೂರಲಿ. ನೀವು ಓರಗಿತ್ತಿಯನ್ನು ಕರೆದುಕೊಂಡು ಹೋಗಿ, ಆ ತುದಿಯ ಸೀಟು ಖಾಲಿಯಿದೆಯೇ ನೋಡಿ.